ಐಬಿಡಿ: ಮಕ್ಕಳ ಚಿಕಿತ್ಸೆ ಎಂದರೆ ದೊಡ್ಡವರ ಮಾತ್ರೆಯ ಅರ್ಧವಲ್ಲ

ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಮಕ್ಕಳ ಯೂನಿಫಾರ್ಮನ್ನು ಒಂದಳತೆ ದೊಡ್ಡದಾಗಿಯೇ ಹೊಲಿಸುವುದು ನಮ್ಮ ಮನೆಗಳ ವಾಡಿಕೆ. ಎರಡು ವರ್ಷದ ಹಿಂದೆ ಹೊಲಿಸಿದ ಪ್ಯಾಂಟು ಹನ್ನೆರಡರ ಹುಡುಗನಿಗೆ ಇನ್ನೂ ಸರಿಹೋಗುತ್ತಿದ್ದರೆ ಅದು ಉಳಿತಾಯವಾಯಿತೆಂದು ಖುಷಿಪಡುವ ವಿಷಯವಲ್ಲ. ಆಗಾಗ ಹೊಟ್ಟೆನೋವು, ಹಸಿವಿಲ್ಲ, ಕಬ್ಬಿಣಾಂಶದ ಸಿರಪ್ ಎಷ್ಟು ಕುಡಿಸಿದರೂ ಹಿಮೋಗ್ಲೋಬಿನ್ ಒಂಬತ್ತು ದಾಟುತ್ತಿಲ್ಲ, ಜಂತುಹುಳುವಿನ ಮಾತ್ರೆ ಎರಡು ಸಲ ಆಯಿತು. ಇಂಥ ಮಗುವಿಗೆ ಭೇದಿಯೇ ಇಲ್ಲದಿರಬಹುದು. ಕ್ರೋನ್ಸ್ ಕಾಯಿಲೆ ಮಕ್ಕಳಲ್ಲಿ ಹೀಗೂ ಬರುತ್ತದೆ. ತೊಂದರೆ ಇರುವುದು ಕರುಳಿನಲ್ಲಿ, ಅದು ಮೊದಲು ಕಾಣುವುದು ಎತ್ತರದಲ್ಲಿ.

ಐಬಿಡಿ ಎಂದರೆ ಕರುಳಿನ ದೀರ್ಘಕಾಲದ ಉರಿಯೂತ. ಹೆಸರಿನಲ್ಲಿ ಒಂದಕ್ಷರ ಮಾತ್ರ ಬೇರೆ ಇರುವ ಐಬಿಎಸ್ ಜೊತೆ ಇದನ್ನು ಕಲಸಿಕೊಳ್ಳುವವರು ಬಹಳ. ಐಬಿಎಸ್‌ನಲ್ಲಿ ಕರುಳು ಕಿರಿಕಿರಿ ಮಾಡುತ್ತದೆ, ಆದರೆ ಹುಣ್ಣಾಗುವುದಿಲ್ಲ, ರಕ್ತ ಸುರಿಯುವುದಿಲ್ಲ. ಐಬಿಡಿಯಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರವನ್ನು ಗುದನಾಳದಿಂದ ಮೇಲಕ್ಕೆ ಹಿಡಿಯುತ್ತದೆ. ಕ್ರೋನ್ಸ್ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬಂದು ಕರುಳಿನ ಗೋಡೆಯ ಪೂರ್ತಿ ದಪ್ಪವನ್ನು ಕೊರೆಯುತ್ತದೆ. ರೋಗಿಗಳಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಕಾಯಿಲೆ ಶುರುವಾಗುವುದು 20 ವರ್ಷ ತುಂಬುವ ಮೊದಲೇ.

ಔಷಧಿಗಳ ಹೆಸರು ಮಕ್ಕಳಿಗೂ ದೊಡ್ಡವರಿಗೂ ಒಂದೇ: ಕರುಳಿನ ಉರಿ ತಣಿಸುವ ಮೆಸಲಮೀನ್, ಸ್ಟಿರಾಯ್ಡ್ ಆದ ಪ್ರೆಡ್ನಿಸೊಲೋನ್, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್, ನರಕ್ಕೆ ಹನಿಸುವ ಇನ್‌ಫ್ಲಿಕ್ಸಿಮ್ಯಾಬ್. ಹಾಗಾಗಿ ತೂಕಕ್ಕೆ ತಕ್ಕಂತೆ ಡೋಸ್ ಇಳಿಸಿದರೆ ಆಯಿತು ಎಂಬ ಭಾವನೆ ವೈದ್ಯರಲ್ಲೂ ಇದೆ. ಬೇರೆಯಾಗಿರುವುದು ಡೋಸಿಗಿಂತ ಹೆಚ್ಚಾಗಿ ಗಡುವು. ದೊಡ್ಡವರಲ್ಲಿ ಒಂದು ಔಷಧ ಆರು ತಿಂಗಳು ನೋಡಿ, ಆಗದಿದ್ದರೆ ಇನ್ನೊಂದಕ್ಕೆ ಹೋದರೆ ಹೋಗುವುದು ಆರು ತಿಂಗಳ ನೆಮ್ಮದಿ. ಮಗುವಿನಲ್ಲಿ ಹೋಗುವುದು ಆರು ತಿಂಗಳ ಬೆಳವಣಿಗೆ. ಮೂಳೆಯ ತುದಿಗಳು ಬೆಸೆದುಕೊಂಡ ಮೇಲೆ, ಅಂದರೆ ಹುಡುಗಿಯರಲ್ಲಿ ಸುಮಾರು 15ಕ್ಕೆ, ಹುಡುಗರಲ್ಲಿ 17ರ ಸುಮಾರಿಗೆ, ಯಾವ ಔಷಧವೂ ಆ ಸೆಂಟಿಮೀಟರುಗಳನ್ನು ವಾಪಸು ತರಲಾರದು.

ಮಗು ಬೆಳೆಯದಿರುವುದಕ್ಕೆ ಊಟ ಸಾಲದಿರುವುದು ಒಂದು ಕಾರಣವಷ್ಟೆ. ಉರಿಯುತ್ತಿರುವ ಕರುಳಿನಿಂದ ರಕ್ತಕ್ಕೆ ಸೇರುವ ಐಎಲ್-6ನಂಥ ಪದಾರ್ಥಗಳು ಯಕೃತ್ತಿನಲ್ಲಿ ಬೆಳವಣಿಗೆಯ ಸಂದೇಶವನ್ನೇ (ಐಜಿಎಫ್-1) ತಗ್ಗಿಸುತ್ತವೆ. ಟಾನಿಕ್ಕು, ಪ್ರೋಟೀನ್ ಪೌಡರು ಸುರಿದರೂ ಎತ್ತರ ಏರದಿರುವುದು ಇದರಿಂದ. ಇದರ ಮೇಲೆ ಸ್ಟಿರಾಯ್ಡ್ ಸೇರಿದರೆ ಬೆಳವಣಿಗೆಗೆ ಇನ್ನೊಂದು ಬೀಗ ಬಿದ್ದಂತೆ. ಆದ್ದರಿಂದಲೇ ದೊಡ್ಡವರ ರೋಗವಿಂಗಡಣೆಯಾದ 2005ರ ಮಾಂಟ್ರಿಯಲ್ ಪದ್ಧತಿಯನ್ನು 2011ರಲ್ಲಿ ಪ್ಯಾರಿಸ್ ಪದ್ಧತಿಯಾಗಿ ಮಕ್ಕಳಿಗೆ ಹೊಂದಿಸುವಾಗ ಬೆಳವಣಿಗೆಗೇ ಒಂದು ಕಲಮು ಸೇರಿಸಿದರು. ಚಿಕಿತ್ಸೆ ಫಲಿಸಿತೇ ಎಂದು ಅಳೆಯುವ 2021ರ ಸ್ಟ್ರೈಡ್-2 ಗುರಿಗಳಲ್ಲೂ ಮಕ್ಕಳ ಮಟ್ಟಿಗೆ ಸಹಜ ಬೆಳವಣಿಗೆ ಸೇರಿದೆ. ನೋವು ಹೋಯಿತು, ಭೇದಿ ನಿಂತಿತು, ಆದರೆ ಎತ್ತರ ನಿಂತಲ್ಲೇ ನಿಂತಿದೆ ಎಂದರೆ ಚಿಕಿತ್ಸೆ ಫಲಿಸಿಲ್ಲ ಎಂದೇ ಲೆಕ್ಕ.

ಮೂರು ತಿಂಗಳಿಗೊಮ್ಮೆ ಚಪ್ಪಲಿ ಬಿಚ್ಚಿ, ಹಿಮ್ಮಡಿ ಗೋಡೆಗೆ ತಾಗಿಸಿ, ಒಂದೇ ಅಳತೆಪಟ್ಟಿಯಲ್ಲಿ ಎತ್ತರ ನೋಡಿ ಬರೆದಿಡಬೇಕು. ಪ್ರೌಢಾವಸ್ಥೆಗೆ ಮುಂಚೆ ವರ್ಷಕ್ಕೆ 5ರಿಂದ 6 ಸೆಂಟಿಮೀಟರ್ ಸಹಜ. 4ಕ್ಕಿಂತ ಕಡಿಮೆಯಾದರೆ ಹುಡುಕಾಟ ಶುರುವಾಗಬೇಕು. ಎಡ ಮುಂಗೈಯ ಒಂದು ಎಕ್ಸ್‌ರೇ ಮೂಳೆಯ ವಯಸ್ಸು ಹೇಳುತ್ತದೆ, ಎಂದರೆ ಇನ್ನೆಷ್ಟು ಸಮಯ ಉಳಿದಿದೆ ಎಂಬುದನ್ನು. ಅಗ್ಗದ ಪರೀಕ್ಷೆ ಇದು, ಆದರೂ ಫೈಲುಗಳಲ್ಲಿ ಕಾಣಸಿಗುವುದು ಅಪರೂಪ.

ಎಂಟು ವಾರ ಊಟವಿಲ್ಲ, ಹಾಲಿನಂಥ ದ್ರವ ಮಾತ್ರ

ದೊಡ್ಡವರಿಗೂ ಮಕ್ಕಳಿಗೂ ಇರುವ ಅತಿ ದೊಡ್ಡ ವ್ಯತ್ಯಾಸ ಇಲ್ಲಿದೆ. ಮಕ್ಕಳ ಕ್ರೋನ್ಸ್‌ಗೆ ಮೊದಲ ಸಾಲಿನ ಚಿಕಿತ್ಸೆ ಸ್ಟಿರಾಯ್ಡ್ ಅಲ್ಲ, ಪೌಷ್ಟಿಕ ದ್ರವ. ಆರರಿಂದ ಎಂಟು ವಾರ ಬೇರೆ ಏನನ್ನೂ ತಿನ್ನದೆ, ಎಲ್ಲ ಪೋಷಕಾಂಶಗಳೂ ಇರುವ ತಯಾರಿ ದ್ರವವನ್ನಷ್ಟೇ ಕುಡಿಯುವುದು. ಪೂರ್ತಿ ಪಾಲಿಸಿದ ಮಕ್ಕಳಲ್ಲಿ ಹತ್ತಕ್ಕೆ ಏಳೆಂಟು ಮಂದಿಯ ಕಾಯಿಲೆ ಅಡಗುತ್ತದೆ. ಸ್ಟಿರಾಯ್ಡಿನಿಂದಲೂ ಲಕ್ಷಣಗಳು ಹೆಚ್ಚುಕಡಿಮೆ ಅಷ್ಟೇ ಅಡಗುತ್ತವೆ, ಆದರೆ ಹುಣ್ಣು ಮಾಯುವುದರಲ್ಲಿ, ತೂಕ ಏರುವುದರಲ್ಲಿ ದ್ರವಾಹಾರ ಮುಂದು.

ಲೆಕ್ಕ ಹೀಗೆ ಬರುತ್ತದೆ. 30 ಕಿಲೋ ತೂಗುವ ಮಗುವಿಗೆ ದಿನಕ್ಕೆ ಸುಮಾರು 1,800ರಿಂದ 2,000 ಕ್ಯಾಲರಿ ಬೇಕು. ಒಂದು ಮಿಲಿಲೀಟರಿಗೆ ಒಂದು ಕ್ಯಾಲರಿ ಕೊಡುವ ದ್ರವವಾದರೆ ದಿನಕ್ಕೆ ಎರಡು ಲೀಟರಿನ ಹತ್ತಿರ: 200 ಮಿಲಿಲೀಟರಿನ ಲೋಟದಲ್ಲಿ ಒಂಬತ್ತರಿಂದ ಹತ್ತು. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಒಂದೂವರೆ ಗಂಟೆಗೊಂದು ಲೋಟ. ಮೊದಲ ದಿನವೇ ಇಷ್ಟು ಕುಡಿಸಿದರೆ ವಾಂತಿಯಾಗುತ್ತದೆ. ಮೂರು ನಾಲ್ಕು ದಿನಗಳಲ್ಲಿ ಹಂತಹಂತವಾಗಿ ಏರಿಸಬೇಕು. ತಣ್ಣಗೆ ಮಾಡಿ, ಸ್ಟ್ರಾ ಹಾಕಿ ಕೊಟ್ಟರೆ ಹೆಚ್ಚು ಒಳಗೆ ಹೋಗುತ್ತದೆ. ಕುಡಿಯಲು ಆಗದೇ ಹೋದರೆ ಮೂಗಿನ ಟ್ಯೂಬಿನಲ್ಲಿ ರಾತ್ರಿ ಹನಿಸಬಹುದು.

ತಪ್ಪುಗಳು ಆಗುವುದು ಕೆಲವು ಗೊತ್ತಾದ ಜಾಗಗಳಲ್ಲಿ. ಮೊದಲನೆಯದು 'ಪಾಪ, ಒಂದು ಇಡ್ಲಿ ತಾನೇ'. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುವಾಗ ಮಗುವಿನ ಕೈಗೆ ಲೋಟ ಕೊಡುವುದು ಕಷ್ಟದ ಕೆಲಸವೇ. ಆದರೆ ಅರ್ಧ ದ್ರವ, ಅರ್ಧ ಮಾಮೂಲಿ ಊಟ ಎಂಬ ರಾಜಿ ಕೆಲಸ ಮಾಡುವುದಿಲ್ಲ. ಇಂಗ್ಲೆಂಡಿನಲ್ಲಿ 50 ಮಕ್ಕಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪೂರ್ತಿ ದ್ರವ ಕುಡಿದವರಲ್ಲಿ ಶೇ 42ರಷ್ಟು ಮಂದಿ ಚೇತರಿಸಿಕೊಂಡರೆ, ಅರ್ಧ ಕುಡಿದು ಅರ್ಧ ಊಟ ಮಾಡಿದವರಲ್ಲಿ ಶೇ 15. ಎರಡನೆಯದು ಔಷಧಿ ಅಂಗಡಿಯಲ್ಲಿ ಕೊಟ್ಟ ಯಾವುದೋ ಪ್ರೋಟೀನ್ ಡಬ್ಬಿ. ಪ್ರೋಟೀನ್ ಪೌಡರು ಪೂರ್ಣಾಹಾರವಲ್ಲ. ಎಂಟು ವಾರ ಅದರ ಮೇಲೇ ಇಟ್ಟರೆ ಮಗುವಿಗೆ ಕೊಬ್ಬು, ಸೋಡಿಯಂ, ವಿಟಮಿನ್‌ಗಳ ಕೊರತೆಯೇ ಬರುತ್ತದೆ. ಮೂರನೆಯದು ತೀರಾ ಬಡಕಲಾದ ಮಗುವಿಗೆ ಒಮ್ಮೆಗೇ ಪೂರ್ತಿ ಕ್ಯಾಲರಿ ತುಂಬುವುದು. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಏಕಾಏಕಿ ಕುಸಿದು ಹೃದಯದ ಲಯ ತಪ್ಪಬಹುದು. ಅಂಥವರನ್ನು ಮೊದಲ ವಾರ ಆಸ್ಪತ್ರೆಯಲ್ಲಿಟ್ಟು ರಕ್ತ ಪರೀಕ್ಷಿಸುತ್ತಾ ಏರಿಸಬೇಕು.

ಎರಡು ವಾರ ಕಟ್ಟುನಿಟ್ಟಾಗಿ ಮಾಡಿದರೂ ಬದಲಾವಣೆ ಕಾಣದಿದ್ದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ, ದಾರಿ ಬದಲಿಸಬೇಕು. ಅಲ್ಸರೇಟಿವ್ ಕೊಲೈಟಿಸ್‌ಗೆ ಇದು ಚಿಕಿತ್ಸೆಯೇ ಅಲ್ಲ.

ಹಾಗಾದರೆ ದೊಡ್ಡವರಿಗೆ ಯಾಕಿಲ್ಲ? ಅವರ ಕರುಳಿಗೆ ಒಗ್ಗುವುದಿಲ್ಲ ಎಂದಲ್ಲ, ಅವರು ನಡುವೆಯೇ ಬಿಡುತ್ತಾರೆ ಎಂಬುದೇ ಮುಖ್ಯ ಕಾರಣ. ದೊಡ್ಡವರ ಅಧ್ಯಯನಗಳಲ್ಲಿ ಸ್ಟಿರಾಯ್ಡ್ ಗೆದ್ದದ್ದು ಬಹುಪಾಲು ಹೀಗೆ ಬಿಟ್ಟವರಿಂದ. ಕಚೇರಿ, ಮದುವೆಮನೆ, ಹೊರಗಿನ ಊಟ ಎಲ್ಲ ಇರುವ ಮನುಷ್ಯನಿಗೆ ಎಂಟು ವಾರ ಲೋಟ ಹಿಡಿದು ಕೂತಿರು ಎಂದರೆ ಆಗುತ್ತದೆಯೇ? ಜಪಾನಿನಲ್ಲಿ ದೊಡ್ಡವರಿಗೂ ದ್ರವಾಹಾರ ಕೊಡುವ ರೂಢಿ ಮೊದಲಿನಿಂದ ಇದೆ. ಉಳಿದೆಡೆ ಶಸ್ತ್ರಚಿಕಿತ್ಸೆಗೆ ಮುಂಚೆ, ಹೊಟ್ಟೆಯಲ್ಲಿ ಕೀವು ಕಟ್ಟಿದಾಗ ಬಳಸುತ್ತಾರೆ.

ಈ ಕಷ್ಟಕ್ಕೆ ಈಗ ನಡುದಾರಿಯೊಂದು ಬಂದಿದೆ. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧ ಕ್ಯಾಲರಿ ದ್ರವದಿಂದ, ಇನ್ನರ್ಧ ಆಯ್ದ ಆಹಾರದಿಂದ ಕೊಟ್ಟರು. ಆರು ವಾರದ ನಂತರ ದ್ರವವನ್ನು ಕಾಲು ಭಾಗಕ್ಕೆ ಇಳಿಸಿದರು. ಇದನ್ನು ಸಹಿಸಿಕೊಂಡ ಮಕ್ಕಳು ಶೇ 97ಕ್ಕೂ ಹೆಚ್ಚು, ಬರೀ ದ್ರವದ ಗುಂಪಿನಲ್ಲಿ ಸುಮಾರು ಶೇ 74. ಮೇಲೆ ಹೇಳಿದ ಅರ್ಧಂಬರ್ಧದ ರಾಜಿಗೂ ಇದಕ್ಕೂ ವ್ಯತ್ಯಾಸ ತಟ್ಟೆಯಲ್ಲಿದೆ. ಅನ್ನ, ಆಲೂಗಡ್ಡೆ, ಬಾಳೆಹಣ್ಣು, ಸೇಬು, ಮೊಟ್ಟೆ, ಕೋಳಿಯ ಎದೆಮಾಂಸ ಉಂಟು; ಗೋಧಿ, ಹಾಲು, ಮೊಸರು, ಪ್ಯಾಕೆಟ್ಟಿನಲ್ಲಿ ಬರುವ ಯಾವುದೂ ಇಲ್ಲ. ಚಪಾತಿ, ಮೊಸರನ್ನ ಎರಡೂ ಹೋಗುತ್ತವೆ, ಮೊಟ್ಟೆಯನ್ನೂ ತಿನ್ನದ ಮನೆಗಳಲ್ಲಿ ಪ್ರೋಟೀನ್ ಲೆಕ್ಕ ತಪ್ಪುತ್ತದೆ. ಆಹಾರತಜ್ಞರಿಲ್ಲದೆ ಇಂಟರ್ನೆಟ್ಟಿನ ಪಟ್ಟಿ ನೋಡಿ ಮಾಡುವ ಪಥ್ಯ ಇದಲ್ಲ.

ಬಾಟಲಿ, ತೂಕ, ವಾರಗಳ ಲೆಕ್ಕ

ಇನ್‌ಫ್ಲಿಕ್ಸಿಮ್ಯಾಬ್ ಅಮೆರಿಕದಲ್ಲಿ ದೊಡ್ಡವರ ಕ್ರೋನ್ಸ್‌ಗೆ ಅನುಮತಿ ಪಡೆದದ್ದು 1998ರಲ್ಲಿ, ಮಕ್ಕಳಿಗೆ 2006ರಲ್ಲಿ. ಅದೇ ಬಗೆಯ ಇನ್ನೊಂದು ಔಷಧ ಅಡಲಿಮ್ಯುಮ್ಯಾಬ್‌ಗೆ 2007 ಮತ್ತು 2014. ಎಂಟು ವರ್ಷ, ಏಳು ವರ್ಷ. ಈ ಅಂತರದಲ್ಲಿ ಮಕ್ಕಳ ವೈದ್ಯರು ದೊಡ್ಡವರ ಡೋಸನ್ನೇ ತೂಕಕ್ಕೆ ಭಾಗಿಸಿ ಕೊಡುತ್ತಾ ಬಂದರು, ತಪ್ಪಾದದ್ದು ಅಲ್ಲೇ.

ದೊಡ್ಡವರ ಡೋಸ್ ಕಿಲೋಗೆ 5 ಮಿಲಿಗ್ರಾಂ: ಮೊದಲ ದಿನ, ಎರಡನೇ ವಾರ, ಆರನೇ ವಾರ, ನಂತರ ಎಂಟು ವಾರಕ್ಕೊಮ್ಮೆ. ಔಷಧ 100 ಮಿಲಿಗ್ರಾಂ ಪುಡಿಯ ಬಾಟಲಿಗಳಲ್ಲಿ ಬರುತ್ತದೆ. 10 ಮಿಲಿಲೀಟರ್ ಶುದ್ಧ ನೀರು ಬಾಟಲಿಯ ಗೋಡೆಗೆ ಬೀಳುವಂತೆ ಹಾಕಿ, ಅಲುಗಾಡಿಸದೆ ಮೆಲ್ಲಗೆ ತಿರುಗಿಸಿ ಕರಗಿಸಿ, ಸಲೈನಿಗೆ ಸೇರಿಸಿ ಎರಡು ಗಂಟೆ ಹನಿಸುತ್ತಾರೆ. 60 ಕಿಲೋದವರಿಗೆ ಮೂರು ಬಾಟಲಿ. 20 ಕಿಲೋದ ಮಗುವಿಗೆ ಒಂದು ಎಂದು ಗಣಿತ ಹೇಳುತ್ತದೆ, ದೇಹ ಒಪ್ಪುವುದಿಲ್ಲ. 30 ಕಿಲೋಗಿಂತ ಕಡಿಮೆ ತೂಕದ ಮಕ್ಕಳು ಈ ಔಷಧವನ್ನು ದೊಡ್ಡವರಿಗಿಂತ ಬೇಗ ಖರ್ಚು ಮಾಡುತ್ತಾರೆ. ಎಂಟನೇ ವಾರ ಬರುವಷ್ಟರಲ್ಲಿ ರಕ್ತದಲ್ಲಿ ಔಷಧವೇ ಉಳಿದಿರುವುದಿಲ್ಲ; ಖಾಲಿಯಾದ ರಕ್ತ ಔಷಧದ ವಿರುದ್ಧವೇ ಪ್ರತಿಕಾಯ ಕಟ್ಟಲು ಶುರುಮಾಡುತ್ತದೆ. ಮುಂದಿನ ಸಲ ಹನಿಸುವಾಗ ಮೈ ದದ್ದೇಳುತ್ತದೆ, ಇಲ್ಲವೇ ಔಷಧ ಕೆಲಸವನ್ನೇ ಮಾಡುವುದಿಲ್ಲ. ಹಾಗಾಗಿ ಚಿಕ್ಕ ಮಕ್ಕಳಿಗೆ ಕಿಲೋಗೆ 10 ಮಿಲಿಗ್ರಾಂವರೆಗೆ ಏರಿಸುವುದು, ಅಥವಾ ನಾಲ್ಕರಿಂದ ಆರು ವಾರಕ್ಕೊಮ್ಮೆ ಕೊಡುವುದು ಈಗಿನ ರೀತಿ. 14ನೇ ವಾರದ ಡೋಸಿಗೆ ಮುಂಚೆ ರಕ್ತದಲ್ಲಿ ಔಷಧದ ಮಟ್ಟ ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಇದೆಯೇ ನೋಡಬೇಕು. ನಮ್ಮಲ್ಲಿ 18 ಕಿಲೋದ ಮಗುವಿಗೆ ಎರಡನೇ ಬಾಟಲಿ ಒಡೆಯಲು ಹಿಂಜರಿಯುವುದು ಬಹುಮಟ್ಟಿಗೆ ದುಡ್ಡಿನ ಕಾರಣಕ್ಕೆ. ಅರ್ಧ ಡೋಸಿನಲ್ಲಿ ಕೆಟ್ಟುಹೋದ ಔಷಧಕ್ಕೆ ಬದಲಿ ಹುಡುಕುವುದು ಅದಕ್ಕಿಂತ ದುಬಾರಿ, ಮಕ್ಕಳಿಗಿರುವ ಬದಲಿಗಳೂ ಕಡಿಮೆ. ಭಾರತದಲ್ಲೇ ತಯಾರಾಗುವ ಬಯೋಸಿಮಿಲರ್‌ಗಳು, ಅಂದರೆ ಮೂಲ ಔಷಧವನ್ನೇ ಹೋಲುವ ತಯಾರಿಗಳು, ಬಂದ ಮೇಲೆ ಹೊರೆ ಇಳಿದಿದೆ ಎನ್ನುವುದು ಸಮಾಧಾನ.

ಯಾರಿಗೆ ಮೊದಲೇ ಈ ಔಷಧ? ಗುದದ ಸುತ್ತ ಫಿಸ್ಟುಲಾ (ಭಗಂದರ) ಇದ್ದರೆ, ಬೆಳವಣಿಗೆ ತೀರಾ ಕುಂಠಿತವಾಗಿದ್ದರೆ, ಕರುಳಿನ ಉದ್ದಕ್ಕೂ ಆಳವಾದ ಹುಣ್ಣುಗಳಿದ್ದರೆ ಯುರೋಪಿನ ಮಕ್ಕಳ ಮಾರ್ಗಸೂಚಿ ಮೆಟ್ಟಿಲು ಹತ್ತುವ ಆಟ ಆಡದೆ ನೇರ ಇಲ್ಲಿಂದಲೇ ಶುರುಮಾಡಿ ಎನ್ನುತ್ತದೆ. ಫಿಸ್ಟುಲಾದ ಬಗ್ಗೆ ಒಂದು ಮಾತು. ಹತ್ತು ವರ್ಷದ ಮಗುವಿಗೆ ಭಗಂದರ ಎಂದು ಹೇಳಿ ಕೊಯ್ಯುವ ಮುನ್ನ ಎಂಆರ್‌ಐ, ಕರುಳಿನ ಉರಿಯೂತ ತೋರಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಎರಡೂ ಆಗಿರಬೇಕು. ಕ್ರೋನ್ಸ್ ಇರುವ ಜಾಗದಲ್ಲಿ ಕೊಯ್ದ ಗಾಯ ಮಾಯುವುದಿಲ್ಲ, ಮಲವನ್ನು ಹಿಡಿದಿಡುವ ಸ್ನಾಯುವೂ ಹಾಳಾಗುತ್ತದೆ.

ಬಲವಾದ ಔಷಧವನ್ನು ಮೊದಲೇ ಕೊಡುವುದು ಮಕ್ಕಳ ವೈದ್ಯರ ಆತುರ ಎನ್ನುತ್ತಿದ್ದ ದೊಡ್ಡವರ ವಿಭಾಗವೂ ಈಗ ಇತ್ತ ತಿರುಗುತ್ತಿದೆ. 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರೊಫೈಲ್ ಅಧ್ಯಯನದಲ್ಲಿ, ಆಗತಾನೆ ಕ್ರೋನ್ಸ್ ಪತ್ತೆಯಾದ 386 ವಯಸ್ಕರಲ್ಲಿ ಆರಂಭದಿಂದಲೇ ಇನ್‌ಫ್ಲಿಕ್ಸಿಮ್ಯಾಬ್ ಜೊತೆ ಇನ್ನೊಂದು ಔಷಧ ಪಡೆದವರಲ್ಲಿ ಶೇ 79 ಮಂದಿ ಒಂದು ವರ್ಷ ಸ್ಟಿರಾಯ್ಡಿಲ್ಲದೆ ನೆಮ್ಮದಿಯಾಗಿದ್ದರು. ಮೆಟ್ಟಿಲು ಮೆಟ್ಟಿಲಾಗಿ ಏರಿದವರಲ್ಲಿ ಶೇ 15. ಈ ವಿಷಯದಲ್ಲಿ ಮಕ್ಕಳ ವಿಭಾಗ ಹಿಂದಿಲ್ಲ.

ಕ್ಷಯದ ಗೋಜಲು

ನಮ್ಮ ದೇಶದಲ್ಲಿ ಕ್ರೋನ್ಸ್ ಪತ್ತೆಯ ದಾರಿಗೆ ಕರುಳಿನ ಕ್ಷಯ ಅಡ್ಡ ನಿಂತಿರುತ್ತದೆ. ಎರಡೂ ಹಿಡಿಯುವುದು ಸಣ್ಣ ಕರುಳು ದೊಡ್ಡ ಕರುಳು ಸೇರುವ ಜಾಗವನ್ನೇ. ಎರಡರಲ್ಲೂ ಜ್ವರ, ತೂಕ ಇಳಿಕೆ, ಹುಣ್ಣು. ಬಯಾಪ್ಸಿಯಲ್ಲಿ ಕ್ಷಯಾಣು ಸಿಕ್ಕರೆ ತೀರ್ಮಾನ ಸುಲಭ, ಆದರೆ ಬಹಳ ಸಲ ಸಿಗುವುದೇ ಇಲ್ಲ. ಕ್ಷಯವಿದ್ದು ಸ್ಟಿರಾಯ್ಡ್ ಕೊಟ್ಟರೆ ಅದು ಮೈಯೆಲ್ಲ ಹರಡುತ್ತದೆ, ಆದ್ದರಿಂದ ಸಂಶಯವಿದ್ದಾಗ ಮೊದಲು ಕ್ಷಯದ ಔಷಧ ಕೊಟ್ಟು ನೋಡುವುದು ನ್ಯಾಯವೇ. ಎಡವುವುದು ಎರಡು ತಿಂಗಳ ನಂತರ. ಕ್ಷಯವೇ ಆಗಿದ್ದರೆ ಎಂಟು ವಾರದಲ್ಲಿ ಹುಣ್ಣು ಮಾಯಲೇಬೇಕು. ಮತ್ತೆ ಕೊಲೊನೋಸ್ಕೋಪಿ ಮಾಡದೆ, ಸ್ವಲ್ಪ ವಾಸಿ ಎಂಬ ಮಾತಿನ ಮೇಲೆ ಒಂಬತ್ತು ತಿಂಗಳು ಮುಂದುವರಿಸಿದರೆ ಕ್ರೋನ್ಸ್ ಇರುವ ಮಗುವಿನ ಕರುಳು ಅಷ್ಟರಲ್ಲಿ ಕಿರಿದಾಗಿ ಕಟ್ಟಿಕೊಂಡಿರುತ್ತದೆ, ಎತ್ತರ ನಿಂತಿರುತ್ತದೆ.

ಇನ್‌ಫ್ಲಿಕ್ಸಿಮ್ಯಾಬ್‌ಗೆ ಮುಂಚೆಯೂ ಅಡಗಿ ಕೂತ ಕ್ಷಯ ಇದೆಯೇ ಎಂದು ಚರ್ಮದ ಪರೀಕ್ಷೆ ಅಥವಾ ರಕ್ತಪರೀಕ್ಷೆ, ಎದೆಯ ಚಿತ್ರ ಆಗಬೇಕು. ಇದು ಎಲ್ಲ ವಯಸ್ಸಿಗೂ ಒಂದೇ. ಮಕ್ಕಳಲ್ಲಿ ಲಸಿಕೆಯ ಲೆಕ್ಕ ಹೆಚ್ಚುವರಿ. ದಡಾರ-ರುಬೆಲ್ಲಾ, ಸೀತಾಳೆ ಸಿಡುಬಿನಂಥ ಜೀವಂತ ಲಸಿಕೆಗಳನ್ನು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಶುರುಮಾಡುವ ಕನಿಷ್ಠ ನಾಲ್ಕು ವಾರ ಮುಂಚೆ ಮುಗಿಸಬೇಕು. ಸೀತಾಳೆಯ ಲಸಿಕೆ ಸರ್ಕಾರಿ ಕಾರ್ಯಕ್ರಮದಲ್ಲಿ ಇಲ್ಲದ್ದರಿಂದ ಬಹಳ ಮಕ್ಕಳಿಗೆ ಅದು ಆಗಿಯೇ ಇರುವುದಿಲ್ಲ.

ಕೊಲೈಟಿಸ್‌ನಲ್ಲಿ ಐದು ದಿನ

ವಯಸ್ಕರ ಅಲ್ಸರೇಟಿವ್ ಕೊಲೈಟಿಸ್ ಎಷ್ಟೋ ಸಲ ಗುದನಾಳದ ಕೊನೆಯ ಗೇಣಿಗೇ ನಿಂತಿರುತ್ತದೆ. ರಾತ್ರಿ ಗುದದಲ್ಲಿಡುವ ಒಂದು ಗ್ರಾಂ ಮೆಸಲಮೀನ್ ಸಪೋಸಿಟರಿ ಸಾಕಾಗುತ್ತದೆ. ಮಕ್ಕಳಲ್ಲಿ ಬಹುಪಾಲು ಪತ್ತೆಯಾಗುವಾಗಲೇ ದೊಡ್ಡ ಕರುಳು ಪೂರ್ತಿ ಹಿಡಿದಿರುತ್ತದೆ. ಬಾಯಿಂದ ಕಿಲೋಗೆ 60ರಿಂದ 80 ಮಿಲಿಗ್ರಾಂ, ಜೊತೆಗೆ ಎನಿಮಾ ಬೇಕಾಗುತ್ತದೆ. ಮಾತ್ರೆ ನುಂಗಲಾರದ ಮಗುವಿಗೆ ಅದನ್ನು ಪುಡಿಮಾಡಿ ಜೇನಿನಲ್ಲಿ ಕಲಸಿ ಕೊಡುವ ಮನೆಗಳಿವೆ. ಮೇಲಿನ ಲೇಪ ಒಡೆದರೆ ಔಷಧ ಮೇಲಿನ ಕರುಳಿನಲ್ಲೇ ಹೀರಿಹೋಗಿ, ಬೇಕಾದಲ್ಲಿಗೆ ತಲುಪುವುದೇ ಇಲ್ಲ. ಹರಳು ರೂಪದ ಪೊಟ್ಟಣ ಕೇಳಿ ತರಬೇಕು.

ಉಲ್ಬಣಿಸಿ ಆಸ್ಪತ್ರೆ ಸೇರಿದಾಗ ದೊಡ್ಡವರಲ್ಲಿ ನಾಡಿ, ಜ್ವರ, ಹಿಮೋಗ್ಲೋಬಿನ್, ಈಎಸ್‌ಆರ್ (ಉರಿಯೂತದ ರಕ್ತಪರೀಕ್ಷೆ) ನೋಡುವ 1955ರ ಟ್ರೂಲವ್-ವಿಟ್ಸ್ ಮಾನದಂಡ ಈಗಲೂ ನಡೆಯುತ್ತದೆ. ಮಗುವಿನ ನಾಡಿ ಸಹಜವಾಗಿಯೇ ಹೆಚ್ಚು, ಆ ಅಳತೆ ಹೊಂದುವುದಿಲ್ಲ. ಮಕ್ಕಳಿಗೆ ರಕ್ತಪರೀಕ್ಷೆಯೇ ಬೇಡದ 'ಪುಕಾಯ್' ಎಂಬ 85 ಅಂಕಗಳ ಎಣಿಕೆ ಇದೆ: ನೋವು, ರಕ್ತ, ಮಲದ ಹದ, ಎಷ್ಟು ಸಲ, ರಾತ್ರಿ ಎದ್ದು ಹೋಗುತ್ತದೆಯೇ, ಆಟ ನಿಂತಿದೆಯೇ. 65 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ. ನರದ ಮೂಲಕ ಸ್ಟಿರಾಯ್ಡ್ ಶುರುಮಾಡಿದ ಮೂರನೇ ದಿನವೂ ಅಂಕ 45ರ ಮೇಲಿದ್ದರೆ ಮುಂದಿನ ಔಷಧಕ್ಕೆ ತಯಾರಿ, ಐದನೇ ದಿನ 65ರ ಮೇಲಿದ್ದರೆ ಅದನ್ನು ಶುರುಮಾಡಬೇಕು. ಇನ್ನೆರಡು ದಿನ ನೋಡೋಣ ಎನ್ನುವ ಮಾತು ಹತ್ತನೇ ದಿನಕ್ಕೆ ತಲುಪಿದಾಗ ಕರುಳು ತೂತಾಗಿರುವ ಸಂದರ್ಭಗಳುಂಟು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ ದೊಡ್ಡವರಲ್ಲಿ ಎಲ್ಲರಿಗೂ, ಮಕ್ಕಳಲ್ಲಿ ಪ್ರೌಢಾವಸ್ಥೆಗೆ ಬಂದು ಬೇರೆ ಅಪಾಯಗಳೂ ಇರುವವರಿಗೆ ಮಾತ್ರ.

ಸ್ಟಿರಾಯ್ಡ್ ಮಾತ್ರೆಯ ಡೋಸ್ ಕಿಲೋಗೆ 1 ಮಿಲಿಗ್ರಾಂ, ಗರಿಷ್ಠ 40. ಬೆಳಿಗ್ಗೆ ಒಂದೇ ಸಲ, ಎಂಟು ಹತ್ತು ವಾರದಲ್ಲಿ ಇಳಿಸಿ ನಿಲ್ಲಿಸಬೇಕು. ಮುಖ ಊದಿತೆಂದು ಮನೆಯವರೇ ಒಮ್ಮೆಗೇ ನಿಲ್ಲಿಸಿದರೆ ದೇಹದ ಸ್ವಂತ ಸ್ಟಿರಾಯ್ಡ್ ಇನ್ನೂ ಎದ್ದಿರುವುದಿಲ್ಲ, ಮಗು ಕುಸಿದು ಬೀಳಬಹುದು. (ಇಲ್ಲಿರುವ ಡೋಸುಗಳು ಲೆಕ್ಕ ಅರ್ಥವಾಗಲೆಂದು, ಮನೆಯಲ್ಲಿ ಕೊಡಲೆಂದು ಅಲ್ಲ.)

ಅಜಥಯೋಪ್ರಿನ್ ಬಗ್ಗೆ ಭಾರತೀಯರಿಗೆ ಪ್ರತ್ಯೇಕ ಎಚ್ಚರಿಕೆ ಇದೆ. ಈ ಔಷಧ ದೇಹಕ್ಕೆ ಒಗ್ಗುತ್ತದೆಯೇ ಎಂದು ಮೊದಲೇ ತಿಳಿಯಲು ಪಾಶ್ಚಾತ್ಯ ಪುಸ್ತಕಗಳು ಟಿಪಿಎಂಟಿ ಪರೀಕ್ಷೆ ಎನ್ನುತ್ತವೆ. ನಮ್ಮಲ್ಲಿ ಹೆಚ್ಚು ತೊಂದರೆ ಕೊಡುವುದು ಎನ್‌ಯುಡಿಟಿ15 ಎಂಬ ಜೀನ್. ಔಷಧ ಶುರುವಾದ ಮೂರು ನಾಲ್ಕು ವಾರದಲ್ಲಿ ತಲೆಗೂದಲು ಹಿಡಿಹಿಡಿಯಾಗಿ ಬಂದರೆ ಎಣ್ಣೆ ಬದಲಿಸುತ್ತಾ ಕೂರಬಾರದು, ಅದೇ ದಿನ ಬಿಳಿರಕ್ತಕಣಗಳ ಎಣಿಕೆ ಆಗಬೇಕು. ಹದಿಹರೆಯದ ಹುಡುಗರಲ್ಲಿ ಈ ಔಷಧದಿಂದ ಅಪರೂಪಕ್ಕೆ ಬರುವ ಯಕೃತ್ತು-ಗುಲ್ಮದ ಲಿಂಫೋಮಾ ಪ್ರಾಣಾಂತಿಕ. ಹಾಗಾಗಿ ಅವರಿಗೆ ವರ್ಷಗಟ್ಟಲೆ ಇದನ್ನು ಮುಂದುವರಿಸುವುದು ಕಡಿಮೆಯಾಗುತ್ತಿದೆ.

ಆರು ವರ್ಷದೊಳಗಿನವರು

ಇವರದು ಬೇರೆಯೇ ಪ್ರಪಂಚ. ಎರಡು ವರ್ಷದೊಳಗೆ ರಕ್ತಭೇದಿ, ಗುದದ ಸುತ್ತ ಆಳವಾದ ಹುಣ್ಣು, ಪದೇಪದೇ ಸೋಂಕು ಇದ್ದರೆ ಅದು ಒಂದೇ ಜೀನಿನ ದೋಷದಿಂದ ಬಂದಿರಬಹುದು. ಉರಿಯೂತವನ್ನು ತಣಿಸುವ ಐಎಲ್-10 ಸಂಕೇತ ಹಿಡಿಯುವ ಗ್ರಾಹಕದ ದೋಷದಿಂದ ಇಂಥ ಕಾಯಿಲೆ ಬರುತ್ತದೆಂದು 2009ರಲ್ಲಿ ಗೊತ್ತಾಯಿತು. ಇಂಥವರಿಗೆ ಇನ್‌ಫ್ಲಿಕ್ಸಿಮ್ಯಾಬ್ ಏನೂ ಮಾಡದು, ಅಸ್ಥಿಮಜ್ಜೆಯ ಕಸಿ ವಾಸಿಮಾಡಬಲ್ಲದು. ಹುಟ್ಟಿದಾಗ ಹಾಕಿದ ಬಿಸಿಜಿ ಜಾಗದಲ್ಲಿ ಕೀವು ನಿಲ್ಲದಿದ್ದರೆ, ಕಂಕುಳಲ್ಲಿ ಗಂಟು ದೊಡ್ಡದಾಗುತ್ತಿದ್ದರೆ ಅದೊಂದು ಸುಳಿವು. ಇನ್ನೊಂದು ಸುಳಿವು ತಂದೆತಾಯಿಯ ಸಂಬಂಧ: ಸೋದರಮಾವನನ್ನು, ಅತ್ತೆಯ ಮಗನನ್ನು ಮದುವೆಯಾಗುವ ರೂಢಿಯಿರುವ ನಮ್ಮ ಕಡೆ ಇಬ್ಬರಲ್ಲೂ ಅಡಗಿದ್ದ ಒಂದೇ ದೋಷ ಮಗುವಿನಲ್ಲಿ ಜೋಡಿಯಾಗುವ ಸಂಭವ ಹೆಚ್ಚು. ಈ ಪ್ರಶ್ನೆ ಕೇಳಲು ಸಂಕೋಚಪಡುವ ವೈದ್ಯರು ಮುಖ್ಯ ಸುಳಿವನ್ನೇ ಬಿಟ್ಟಂತೆ. ಹಾಗೆಂದು ಹಸುಗೂಸಿನ ಮಲದಲ್ಲಿ ರಕ್ತ ಕಂಡಾಕ್ಷಣ ಹೆದರಬೇಕಿಲ್ಲ, ಹಸುವಿನ ಹಾಲಿನ ಅಲರ್ಜಿಯೇ ಅದಕ್ಕೆ ಹೆಚ್ಚು ಸಾಮಾನ್ಯ ಕಾರಣ.

ಹದಿನೆಂಟರ ಫೈಲು

ಮಕ್ಕಳ ವಿಭಾಗದಿಂದ ದೊಡ್ಡವರ ವಿಭಾಗಕ್ಕೆ ಹೋಗುವ ವಯಸ್ಸಿನಲ್ಲೇ ಬಹಳ ಮಂದಿಯ ಕಾಯಿಲೆ ಮರುಕಳಿಸುತ್ತದೆ. ಅಲ್ಲಿಯವರೆಗೆ ಮಾತ್ರೆ ಎಣಿಸಿ ಕೊಟ್ಟದ್ದು ಅಮ್ಮ. ಈಗ ಹುಡುಗ ಹಾಸ್ಟೆಲಿನಲ್ಲಿ. ಹದಿಮೂರು ಹದಿನಾಲ್ಕಕ್ಕೇ ತನ್ನ ಔಷಧದ ಹೆಸರು, ಡೋಸ್, ಯಾವ ಲಕ್ಷಣಕ್ಕೆ ಫೋನ್ ಮಾಡಬೇಕು ಎಂಬುದನ್ನು ಮಗುವೇ ಹೇಳುವಂತಾಗಬೇಕು. ಫೈಲಿನಲ್ಲಿ ಮೊದಲ ಕೊಲೊನೋಸ್ಕೋಪಿಯ ಬಯಾಪ್ಸಿ ವರದಿ, ಯಾವ ಔಷಧ ಯಾಕೆ ನಿಂತಿತು, ಕೊನೆಯ ಇನ್‌ಫ್ಲಿಕ್ಸಿಮ್ಯಾಬ್ ತಾರೀಖು ಮತ್ತು ರಕ್ತದ ಮಟ್ಟ, ಲಸಿಕೆ ಕಾರ್ಡು ಇರಲಿ. ದೊಡ್ಡ ಕರುಳಿನ ಕಾಯಿಲೆಗೆ ಕ್ಯಾನ್ಸರ್ ತಪಾಸಣೆ ಶುರುವಾಗುವುದು ರೋಗ ಬಂದ ಎಂಟು ವರ್ಷಕ್ಕೆ. ಹತ್ತಕ್ಕೆ ರೋಗ ಬಂದವನಿಗೆ ಅದು ಹದಿನೆಂಟರಲ್ಲೇ ಬರುತ್ತದೆ, ಹೊಸ ವೈದ್ಯರಿಗೆ ಈ ಲೆಕ್ಕ ಹೊಳೆಯದಿರಬಹುದು. ಎತ್ತರದ ಪಟ್ಟಿಯ ಪ್ರತಿಯನ್ನೂ ಮುಂಗೈ ಎಕ್ಸ್‌ರೇಯನ್ನೂ ಮರೆಯಬಾರದು. ಹದಿನೇಳು ತುಂಬಿದ ಹುಡುಗನ ಮೂಳೆಯ ವಯಸ್ಸು ಹದಿನೈದೇ ಆಗಿದ್ದರೆ ಅವನಿಗೆ ಇನ್ನೂ ಒಂದೆರಡು ವರ್ಷದ ಬೆಳವಣಿಗೆ ಬಾಕಿ ಇದೆ, ದೊಡ್ಡವರ ಒಪಿಡಿಯಲ್ಲಿ ಎತ್ತರ ಅಳೆಯುವ ಪಟ್ಟಿ ಇರುವುದಿಲ್ಲ.